ಅಂಕಣದ ಹೊರಗೆ ಕೋಚ್ ಹೊಣೆ ಎಷ್ಟು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎನ್ನುತ್ತದೆ. ಗುರುವಿನ ಕರ್ತವ್ಯವೇನು ಎಂಬುದು ಅಲ್ಲಿಲ್ಲ. ಅದನ್ನು ಬರೆದಿರುವುದು ಈಗಿನ ನಿಯಮಗಳಲ್ಲಿ. ಚಳ್ಳಕೆರೆ, ಮೊಳಕಾಲ್ಮೂರಿನ ಪದವಿ ಕಾಲೇಜುಗಳಲ್ಲಿ ಕಬಡ್ಡಿ, ವಾಲಿಬಾಲ್ ತಂಡ ಕಟ್ಟುವ ದೈಹಿಕ ಶಿಕ್ಷಣ ನಿರ್ದೇಶಕರು ಅವನ್ನು ತಿಳಿದಿರಲೇಬೇಕು.

ಅಂತರ ಕಾಲೇಜು ಪಂದ್ಯಕ್ಕೆಂದು ತಂಡ ಬಸ್ಸು ಹತ್ತಿದರೂ ಕಾಲೇಜಿನ ಹೊಣೆ ಮುಗಿಯುವುದಿಲ್ಲ. ಲೈಂಗಿಕ ಕಿರುಕುಳ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ತಂದ ನಿಯಮಾವಳಿಯ ಪ್ರಕಾರ ಕ್ರೀಡಾಕೂಟದ ಜಾಗ, ಕಾಲೇಜು ಒದಗಿಸಿದ ವಾಹನ ಎರಡೂ ಕಾಲೇಜಿನ ಆವರಣಕ್ಕೆ ಸೇರಿದವು. ಆಟಗಾರನೊಬ್ಬ ಅಲ್ಲಿ ಸಹ ವಿದ್ಯಾರ್ಥಿನಿಗೆ ಕಿರುಕುಳ ಕೊಟ್ಟರೆ ದೂರು ಆಂತರಿಕ ದೂರು ಸಮಿತಿಗೆ ಹೋಗಬೇಕು. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ಅಧಿಕಾರ ಕೋಚ್‌ಗೆ ಇಲ್ಲ. ನೊಂದವರೇ ಬಯಸಿದರೆ ಮಾತ್ರ ಸಮಿತಿಯ ಮೂಲಕ ಅದು ಸಾಧ್ಯ.

ಹೆಚ್ಚು ಮುಚ್ಚಿಹೋಗುವುದು ರ‍್ಯಾಗಿಂಗ್. ಕಿರಿಯರಿಂದ ಜೆರ್ಸಿ ಒಗೆಸುವುದು, ರಾತ್ರಿ ಎಬ್ಬಿಸಿ ಕುಣಿಸುವುದು 'ತಂಡದ ಪದ್ಧತಿ' ಎಂಬ ಹೆಸರಿನಲ್ಲಿ ನಡೆದುಹೋಗುತ್ತದೆ. ಯುಜಿಸಿಯ 2009ರ ನಿಯಮಾವಳಿ ಇದನ್ನು ಒಪ್ಪುವುದಿಲ್ಲ. ರ‍್ಯಾಗಿಂಗ್ ಗಮನಕ್ಕೆ ಬಂದರೆ ಕೂಡಲೇ ತಿಳಿಸುತ್ತೇನೆಂದು ಪ್ರತಿ ಸಿಬ್ಬಂದಿಯೂ ಮುಚ್ಚಳಿಕೆ ಬರೆದುಕೊಡಬೇಕು, ಕೋಚ್ ಕೂಡ. ಅಪರಾಧವೆಂದು ಕಂಡುಬಂದರೆ ಕಾಲೇಜಿನ ಮುಖ್ಯಸ್ಥರು 24 ಗಂಟೆಯೊಳಗೆ ಎಫ್‌ಐಆರ್ ದಾಖಲಿಸಬೇಕು. ಶಿಕ್ಷೆಗಳ ಪಟ್ಟಿಯಲ್ಲಿ ಕ್ರೀಡಾಕೂಟಗಳಲ್ಲಿ ಕಾಲೇಜನ್ನು ಪ್ರತಿನಿಧಿಸದಂತೆ ತಡೆಯುವುದೂ ಇದೆ. ತಪ್ಪಿತಸ್ಥರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆ. ನಾಳೆ ಫೈನಲ್ ಇದೆ, ಒಳ್ಳೆಯ ರೇಡರ್ ಕೈತಪ್ಪುತ್ತಾನೆ ಎಂದು ಇವತ್ತು ಬಾಯಿ ಮುಚ್ಚಿಕೊಳ್ಳುವ ಕೋಚ್, ತಪ್ಪು ಮಾಡದ ಹುಡುಗರನ್ನೂ ಆ ಶಿಕ್ಷೆಗೆ ಒಡ್ಡುತ್ತಾರೆ. ನೊಂದ ಕಿರಿಯ ಆಟವನ್ನೇ ಬಿಟ್ಟು ಊರಿಗೆ ಹೋದರೆ ಆ ನಷ್ಟ ಯಾವ ಟ್ರೋಫಿಯಿಂದಲೂ ತುಂಬುವುದಿಲ್ಲ. ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ವಿದ್ಯಾರ್ಥಿಯೇ ನೇರವಾಗಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಮೊದಲ ದಿನದ ಅಭ್ಯಾಸದಲ್ಲೇ ಎಲ್ಲರಿಗೂ ಬರೆಸಬೇಕು.

ದೂರು ಮುಚ್ಚಿಹೋದಾಗ ಕೋಚ್ ಹುದ್ದೆಯನ್ನೇ ಕಳೆದುಕೊಂಡದ್ದೂ ಉಂಟು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯ 2016ರಲ್ಲಿ ತನ್ನ ಫುಟ್‌ಬಾಲ್ ಮುಖ್ಯ ಕೋಚ್ ಆರ್ಟ್ ಬ್ರೈಲ್ಸ್ ಅವರನ್ನು ಹುದ್ದೆಯಿಂದ ಇಳಿಸಿತು. ಆಟಗಾರರ ವಿರುದ್ಧದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಫುಟ್‌ಬಾಲ್ ವಿಭಾಗದವರು ಮೇಲಿನವರಿಗೆ ತಿಳಿಸಿರಲಿಲ್ಲ ಎಂದು ತನಿಖೆ ಹೇಳಿತ್ತು.

ಹಾಗೆಂದು ಕೋಚ್ ಇಡೀ ದಿನದ ಕಾವಲುಗಾರರಲ್ಲ. ಹದಿನೆಂಟು ದಾಟಿದ ಹುಡುಗ ರಜೆಯಲ್ಲಿ ಊರ ಜಾತ್ರೆಗೆ ಹೋಗಿ ಜಗಳವಾಡಿದರೆ ಅದಕ್ಕೆ ಅವನೇ ಹೊಣೆ. ಆದರೆ ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ, 2012ರ ಪೋಕ್ಸೊ ಕಾಯ್ದೆಯಡಿ 6 ತಿಂಗಳವರೆಗೆ ಜೈಲಾಗಬಹುದು. ಪದವಿಯ ಮೊದಲ ವರ್ಷದಲ್ಲೂ ಆ ವಯಸ್ಸಿನವರು ಇರುತ್ತಾರೆ ಎಂಬುದನ್ನು ಮರೆಯಬಾರದು.

ದೂರು ಕಿವಿಗೆ ಬಿದ್ದ ದಿನವೇ ಕೋಚ್, ಯಾರು, ಯಾವಾಗ, ಏನು ಹೇಳಿದರು ಎಂದು ಬರೆದು ಪ್ರಾಂಶುಪಾಲರಿಗೆ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯುವುದು ಒಳ್ಳೆಯದು. ತಾವೇ ವಿಚಾರಣೆಗೆ ಇಳಿಯಬಾರದು. ಆರೋಪ ಹೊತ್ತ ಆಟಗಾರ ಮುಂದಿನ ಪಂದ್ಯ ಆಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಒಬ್ಬರೇ ಹೊರದೆ, ಪ್ರಾಂಶುಪಾಲರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.