ರಾಬಿನ್‌ಸನ್ ಕ್ರೂಸೋ ನಮ್ಮ ಜಗುಲಿಗೆ ಬರುವಾಗ

ಆಷಾಢದ ಮಳೆ ಹಿಡಿದ ಮೇಲೆ ಯಲ್ಲಾಪುರದ ಕಡೆಯ ಅಡಿಕೆತೋಟದ ಮನೆಗಳನ್ನು ಕಂಡವರಿಗೆ ದ್ವೀಪವೆಂದರೇನೆಂಬುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಹಳ್ಳವು ತುಂಬಿ ಸಂಕವು ಮುಳುಗುವದು. ವಿದ್ಯುತ್ತು ಹೋದರೆ ಎಂದು ಬರುವದೆಂಬುದು ತಿಳಿಯದು. ಪೇಟೆಗೆ ಹೋದವನು ಆಚೆಯ ದಡದಲ್ಲಿಯೇ ನಿಲ್ಲುವನು. ಕಣಜದಲ್ಲಿ ಅಕ್ಕಿ ಎಷ್ಟು, ಅಟ್ಟದಲ್ಲಿ ಸೌದೆ ಎಷ್ಟು, ಭರಣಿಯಲ್ಲಿ ಅಪ್ಪೆಮಿಡಿ ಎಷ್ಟು ಎಂಬ ಲೆಕ್ಕವನ್ನು ಮನೆಯ ಗೃಹಿಣಿಯು ಮೊದಲೇ ಹಾಕಿಟ್ಟಿರುವಳು. ಇಂಥ ದಿನಗಳಲ್ಲಿ ಮಕ್ಕಳನ್ನು ಒಲೆಯ ಹತ್ತಿರ ಕೂಡ್ರಿಸಿಕೊಂಡು ಹೇಳುವದಕ್ಕೆ ರಾಬಿನ್‌ಸನ್ ಕ್ರೂಸೋನ ಕಥೆಗಿಂತ ತಕ್ಕ ಕಥೆಯು ಮತ್ತೊಂದಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ಈಗಲೂ ನಂಬಿದ್ದೇವೆ. ಆದರೆ ಒಂದು ಮಳೆಗಾಲದಲ್ಲಿ ಆ ಕಥೆಯನ್ನು ಕೇಳುತ್ತಿದ್ದ ಬಾಲಕನೊಬ್ಬನು, “ಅಜ್ಜಾ, ಫ್ರೈಡೇ ಅಂದರೆ ಶುಕ್ರವಾರ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಯಾವುದು?” ಎಂದು ಕೇಳಿಬಿಟ್ಟನು. ನಮ್ಮಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿಯೂ ಇರಲಿಲ್ಲ.

ಈ ಕಥೆಯು ಪರದೇಶಗಳಲ್ಲಿ ಹಲವು ಸಾರೆ ದೂರದರ್ಶನದ ಧಾರಾವಾಹಿಯಾಗಿದೆ. ನಾಳೆ ಕನ್ನಡದಲ್ಲಿಯೂ ಯಾರಾದರೊಬ್ಬರು ಈ ಕೆಲಸಕ್ಕೆ ಕೈಯಿಕ್ಕಬಹುದು. ಆಗ ಅವರು ಯಾವದನ್ನು ಉಳಿಸಿಕೊಳ್ಳಬೇಕು, ಯಾವದನ್ನು ತಿದ್ದಬೇಕು ಎಂಬುದನ್ನು ವಾಚಕರೊಡನೆ ಕುಳಿತು ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶವು.

ಮೊದಲು ಪುಸ್ತಕದ ಮಾತು. ಆಂಗ್ಲ ಲೇಖಕನಾದ ಡೇನಿಯಲ್ ಡೀಫೋ ಎಂಬವನು ಇದನ್ನು ೧೭೧೯ರಲ್ಲಿ ಪ್ರಕಟಿಸಿದನು. ಅದಕ್ಕೆ ಕೆಲವು ವರ್ಷ ಮುಂಚೆ ಅಲೆಗ್ಸಾಂಡರ್ ಸೆಲ್‌ಕರ್ಕ್ ಎಂಬ ನಾವಿಕನು ದಕ್ಷಿಣ ಅಮೇರಿಕೆಯ ಪಶ್ಚಿಮಕ್ಕಿರುವ ಒಂದು ನಿರ್ಜನ ದ್ವೀಪದಲ್ಲಿ ೧೭೦೪ರಿಂದ ೧೭೦೯ರ ವರೆಗೆ ಒಬ್ಬನೇ ಬದುಕಿ ಬಂದಿದ್ದನು. ಆ ದ್ವೀಪಕ್ಕೆ ಚಿಲಿ ದೇಶದ ಸರಕಾರವು ೧೯೬೬ರಲ್ಲಿ ರಾಬಿನ್‌ಸನ್ ಕ್ರೂಸೋನ ಹೆಸರನ್ನೇ ಇಟ್ಟಿದೆ. ಕಥೆಯೊಳಗಿನ ಕ್ರೂಸೋನಾದರೋ ೧೬೫೯ರ ಸಪ್ಟೆಂಬರ ೩೦ರಂದು ಹಡಗೊಡೆದು ದಡ ಸೇರಿ, ೨೮ ವರ್ಷಗಳಿಗೂ ಮಿಕ್ಕಿ ದ್ವೀಪವಾಸವನ್ನು ಅನುಭವಿಸುವನು.

ಇದನ್ನು ಸಾಹಸದ ಕಥೆಯೆನ್ನುವದು ರೂಢಿ. ನಿಜಕ್ಕೂ ಇದು ದುಡಿಮೆಯ ಕಥೆ. ಒಂದು ಹಲಗೆಯನ್ನು ಕೆತ್ತಲು ಅವನಿಗೆ ೪೨ ದಿನಗಳು ಹಿಡಿಯುತ್ತವೆ. ಎರಡು ತಿಂಗಳು ಮಣ್ಣು ಮಿದ್ದಿ ಮಾಡಿದ್ದು ಎರಡು ಅಂದಗೇಡಿ ಗಡಿಗೆಗಳನ್ನು ಮಾತ್ರ. ದೊಡ್ಡ ಮರವನ್ನು ಕಡಿದು, ತಿಂಗಳುಗಟ್ಟಲೆ ಕೊರೆದು ದೋಣಿ ಮಾಡಿದರೆ ಅದನ್ನು ನೀರಿನ ವರೆಗೆ ಎಳೆದೊಯ್ಯುವ ಶಕ್ತಿಯೇ ಅವನಿಗಿಲ್ಲ. ತೋಟಕ್ಕೆ ಸೊಪ್ಪು ಹೊತ್ತವರಿಗೂ, ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯ ನೆಟ್ಟಿ ಮಾಡಿದವರಿಗೂ ಈ ಪುಟಗಳು ತಮ್ಮ ಮನೆಯ ಮಾತಿನಂತೆಯೇ ತೋರುವವು.

ಪರದೆಯ ಮೇಲೆ ತರುವವನಿಗೆ ಮೊದಲನೆಯ ತೊಡಕು ಇರುವದು ಇಲ್ಲಿಯೇ. ಪುಸ್ತಕದ ಬಹುಭಾಗದಲ್ಲಿ ಒಬ್ಬನೇ ಮನುಷ್ಯ. ಒಂದು ನಾಯಿ, ಬೆಕ್ಕುಗಳು, ಆಡುಗಳು, ಮಾತು ಕಲಿತ ಗಿಳಿ. ಸಂಭಾಷಣೆಗೆ ಇನ್ನಾರೂ ಇಲ್ಲ. ಪುಸ್ತಕದಲ್ಲಿ ಕ್ರೂಸೋನು ತನ್ನ ಕಥೆಯನ್ನು ತಾನೇ ಹೇಳುವದರಿಂದ ಅವನ ಮನಸ್ಸು ನಮಗೆ ಕೇಳಿಸುವದು. ಪರದೆಯ ಮೇಲೆ ಅವನ ಬೆನ್ನು ಮಾತ್ರ ಕಾಣುವದು. ೧೯೬೪ರಲ್ಲಿ ಫ್ರಾನ್ಸ್ ದೇಶದ ದೂರದರ್ಶನದವರು ಇದನ್ನು ೧೩ ಕಂತುಗಳಲ್ಲಿ ತೆಗೆದಾಗ ಕ್ರೂಸೋನ ಧ್ವನಿಯನ್ನೇ ನಿರೂಪಣೆಯಾಗಿ ಇಟ್ಟುಕೊಂಡು, ಅವನ ಊರಿನ ಹಿಂದಿನ ದಿನಗಳನ್ನು ನೆನಪುಗಳಾಗಿ ನಡುನಡುವೆ ಹೆಣೆದರು. ಆಸ್ಟ್ರಿಯದ ನಟ ರಾಬರ್ಟ್ ಹಾಫ್‌ಮನ್ನನ ಆ ಧಾರಾವಾಹಿಯು ಮರುವರ್ಷ ಆಂಗ್ಲ ಭಾಷೆಯಲ್ಲಿ ಬಿ.ಬಿ.ಸಿ.ಯಲ್ಲಿ ಬಂದು, ಅಲ್ಲಿಯ ಮಕ್ಕಳ ಒಂದು ಪೀಳಿಗೆಗೇ ಪ್ರಿಯವಾಯಿತು.

ಧಾರಾವಾಹಿಗೆ ಸಿನೆಮಾಕ್ಕಿಲ್ಲದ ಒಂದು ಅನುಕೂಲವೂ ಉಂಟು. ಎರಡು ತಾಸಿನಲ್ಲಿ ೨೮ ವರ್ಷಗಳನ್ನು ಮುಗಿಸಬೇಕಾದವನು ಗಡಿಗೆ ಸುಡುವದನ್ನೂ ಧಾನ್ಯ ಬಿತ್ತುವದನ್ನೂ ಬಿಟ್ಟುಬಿಡುವನು. ವಾರವಾರವೂ ಮನೆಗೆ ಬರುವ ಕಥೆಯು ಒಂದು ಗಡಿಗೆಗೆ ಒಂದು ಕಂತನ್ನು ಕೊಡಬಲ್ಲದು. ಉಸುಕಿನ ಮೇಲೆ ಕಂಡ ಒಂಟಿ ಹೆಜ್ಜೆಯ ಗುರುತಿನೊಡನೆ ಕಂತನ್ನು ನಿಲ್ಲಿಸಿದರೆ ಮನೆಮಂದಿಯೆಲ್ಲ ಮುಂದಿನ ವಾರದ ವರೆಗೆ ಅದನ್ನೇ ಮಾತಾಡುವರು.

ಈ ಬಗೆಯ ಕೆಲಸವು ನಮ್ಮವರಿಗೆ ಹೊಸದಲ್ಲ. ಆರ್. ಕೆ. ನಾರಾಯಣರು ಆಂಗ್ಲ ಭಾಷೆಯಲ್ಲಿ ಬರೆದು ೧೯೩೫ರಲ್ಲಿ ಪ್ರಕಟವಾದ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಕಾದಂಬರಿಯನ್ನು ೧೯೮೦ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯೊಳಗೆ ತಂದ ಶಂಕರನಾಗರು ನಮ್ಮ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದವರು. ಸ್ವಾಮಿಯ ತಂದೆಯ ಪಾತ್ರ ವಹಿಸಿದ ಗಿರೀಶ ಕಾರ್ನಾಡರು ಬಾಲ್ಯವನ್ನು ಶಿರಸಿಯಲ್ಲಿ ಕಳೆದವರು. ಮಾಲ್ಗುಡಿಯೆಂಬ ಕಲ್ಪನೆಯ ಊರನ್ನು ಆಗುಂಬೆಯ ಬೀದಿಯಲ್ಲಿ ನಿಲ್ಲಿಸಿ, ಸ್ವಾಮಿಯು ಅಡವಿಯಲ್ಲಿ ದಾರಿತಪ್ಪಿದಾಗ ದೇಶವೆಲ್ಲ ಕಳವಳಗೊಳ್ಳುವಂತೆ ಅವರು ಮಾಡಿದರು. ನೀರು ಸುತ್ತುಗಟ್ಟಿದ ಮನೆಯ ಕಥೆಯೂ ಕನ್ನಡ ಪರದೆಗೆ ಬಂದಿದೆ: ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಚಲಚ್ಚಿತ್ರವಾಗಿ ಮಾಡಿದರು. ಅಲ್ಲಿ ಮನುಷ್ಯನು ದ್ವೀಪಕ್ಕೆ ಹೋಗುವದಿಲ್ಲ. ಅಣೆಕಟ್ಟಿನ ಹಿನ್ನೀರು ಏರಿ ಅವನ ಮನೆಯೇ ದ್ವೀಪವಾಗುವದು. ಕಾಳಿ ನದಿಯ ಕೊಡಸಳ್ಳಿ ಅಣೆಕಟ್ಟನ್ನು ಕಂಡಿರುವ ನಮ್ಮ ತಾಲೂಕಿನವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದಕಾರಣ ಏಕಾಂತವನ್ನು ತೋರಿಸುವದು ಸಾಧ್ಯವೆಂದು ಒಪ್ಪೋಣ. ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಅದೇ ಆ ಬಾಲಕನ ಪ್ರಶ್ನೆ.

ಕ್ರೂಸೋನ ಹಡಗು ಯಾವ ಕೆಲಸಕ್ಕೆ ಹೊರಟಿತ್ತೆಂಬುದನ್ನು ಮಕ್ಕಳಿಗಾಗಿ ಸಂಕ್ಷೇಪಿಸಿದ ಪುಸ್ತಕಗಳು ಬಹುಶಃ ಹೇಳುವದಿಲ್ಲ. ಮೂಲದಲ್ಲಿ ಅದು ಸ್ಪಷ್ಟವಾಗಿದೆ. ಅವನು ಬ್ರಝಿಲ್ ದೇಶದಲ್ಲಿ ತೋಟದ ಯಜಮಾನನಾಗಿದ್ದನು. ತೋಟದ ದುಡಿಮೆಗೆ ಆಳುಗಳು ಸಾಲದಾದಾಗ, ಆಫ್ರಿಕೆಯ ಗಿನಿ ತೀರದಿಂದ ಗುಲಾಮರನ್ನು ತರಲೆಂದೇ ಹಡಗೇರಿದನು. ಅದಕ್ಕೂ ಮುಂಚೆ, ತಾನು ಸೆರೆಯಿಂದ ತಪ್ಪಿಸಿಕೊಳ್ಳುವಾಗ ಜೊತೆಯಲ್ಲಿದ್ದು ಪ್ರಾಣಕ್ಕೆ ಪ್ರಾಣ ಕೊಡಲು ಸಿದ್ಧನಾಗಿದ್ದ ಝೂರಿ ಎಂಬ ಬಾಲಕನನ್ನು ೬೦ ಬೆಳ್ಳಿಯ ನಾಣ್ಯಗಳಿಗೆ ಒಬ್ಬ ಪೋರ್ತುಗೀಜ ಹಡಗಿನ ಯಜಮಾನನಿಗೆ ಕೊಟ್ಟುಬಿಟ್ಟನು. ಮುಂದೆ ಪಶ್ಚಾತ್ತಾಪವಾದದ್ದು ತೋಟದಲ್ಲಿ ಕೈಗೆ ಆಳು ಸಿಕ್ಕದಾದಾಗ! ಕೊನೆಗೆ, ದ್ವೀಪದಲ್ಲಿ ಕೊಲೆಗಾರರ ಕೈಯಿಂದ ತಾನು ಉಳಿಸಿದ ತರುಣನಿಗೆ ಅವನ ಹೆಸರನ್ನು ಕೇಳದೆಯೇ, ಅಂದಿನ ವಾರದ ಹೆಸರನ್ನು ಇಟ್ಟನು. ಕಲಿಸಿದ ಮೊದಲ ಮಾತುಗಳಲ್ಲಿ ‘ಒಡೆಯ’ ಎಂಬುದು ಒಂದು.

ಈ ತರುಣನು ಆಫ್ರಿಕೆಯವನಲ್ಲ, ಅಮೇರಿಕೆಯ ದ್ವೀಪಗಳ ಮೂಲನಿವಾಸಿಯೆಂಬುದನ್ನು ಡೀಫೋನೇ ಬರೆದಿದ್ದಾನೆ. ಹಾಗಿದ್ದರೂ ನಂತರದ ಚಿತ್ರಕಾರರೂ ಪರದೆಯವರೂ ಎಷ್ಟೋ ಸಾರೆ ಅವನನ್ನು ಆಫ್ರಿಕೆಯವನನ್ನಾಗಿ ತೋರಿಸಿದರು. ಸೇವಕನೆಂದೊಡನೆ ಅವರ ಕಣ್ಣಿಗೆ ಕಂಡ ಬಣ್ಣ ಅದು.

ಲಂಡನ್ನಿನಲ್ಲಿ ಕುಳಿತು ನೋಡುವವನಿಗೆ ಇದು ಹಳೆಯ ಇತಿಹಾಸವಾಗಿ ತೋರಬಹುದು. ಯಲ್ಲಾಪುರದಲ್ಲಿ ಹಾಗಲ್ಲ. ನಮ್ಮ ತಾಲೂಕಿನ ಅಡವಿಯ ಅಂಚಿನ ಊರುಗಳಲ್ಲಿಯೂ, ಹಳಿಯಾಳ, ಅಂಕೋಲೆ, ಮುಂಡಗೋಡುಗಳ ಕಡೆಗೂ ಸಿದ್ದಿ ಜನರು ಬಾಳಿಕೊಂಡಿದ್ದಾರೆ. ಇವರ ಪೂರ್ವಜರು ಆಫ್ರಿಕೆಯವರು. ಪೋರ್ತುಗೀಜರ ಹಡಗುಗಳು ಗೋವೆಗೆ ಗುಲಾಮರನ್ನು ತಂದ ಕಾಲದಲ್ಲಿ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಅಡವಿಯನ್ನು ಹೊಕ್ಕವರ ಸಂತತಿ ಇವರಲ್ಲಿ ಬಹುಮಂದಿ. ಇವರಲ್ಲಿ ಹಿಂದುಗಳುಂಟು, ಕ್ರಿಸ್ತರುಂಟು, ಮುಸಲ್ಮಾನರುಂಟು. ದಮಾಮಿಯ ಬಡಿತಕ್ಕೆ ಮೂವರೂ ಒಂದಾಗಿ ಕುಣಿಯುವರು. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಚೆಲುವು ಈಗ ಹೊರದೇಶದವರಿಗೂ ತಿಳಿದಿದೆ. ಉತ್ತರ ಕನ್ನಡದ ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಸೇರಿದರು. ೨೦೨೦ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಹೀಗಿರಲು, ಕ್ರೂಸೋನು ತರಹೊರಟಿದ್ದ ಜನರಂಥವರ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮ ನೆರೆಯವರು. ಅವರ ಮನೆಗಳಲ್ಲಿಯೂ ಟೀವಿ ಇರುವದು. ಆ ಮನೆಯ ಒಂದು ಮಗುವು ಈ ಕಥೆಯನ್ನು ಮೊದಲಿಂದ ಕೊನೆಯ ವರೆಗೆ ತಲೆತಗ್ಗಿಸದೆ ನೋಡಬಲ್ಲದೇ? ಕನ್ನಡದ ಕ್ರೂಸೋನನ್ನು ಅಳೆಯುವದಕ್ಕೆ ನಮಗೆ ಇದಕ್ಕಿಂತ ಸರಿಯಾದ ಕೊಳಗವು ತೋರುವದಿಲ್ಲ.

ಪರದೇಶದವರೂ ಈ ತೊಡಕನ್ನು ಅರಿಯದೆ ಇಲ್ಲ. ೧೯೭೨ರಲ್ಲಿ ಏಡ್ರಿಯನ್ ಮಿಚೆಲ್ ಎಂಬ ಕವಿಯು ಬಿ.ಬಿ.ಸಿ.ಗಾಗಿ ಬರೆದ ‘ಮ್ಯಾನ್ ಫ್ರೈಡೇ’ ಎಂಬ ನಾಟಕದಲ್ಲಿ ಕಥೆಯನ್ನು ಫ್ರೈಡೇಯ ಕಣ್ಣಿನಿಂದಲೇ ನೋಡಿಸಿದನು. ೨೦೦೮ರಲ್ಲಿ ಅಮೇರಿಕೆಯಲ್ಲಿ ಬಂದ ೧೩ ಕಂತುಗಳ ‘ಕ್ರೂಸೋ’ ಧಾರಾವಾಹಿಯಲ್ಲಿ ಝಿಂಬಾಬ್ವೆ ದೇಶದ ನಟನೊಬ್ಬನು ಫ್ರೈಡೇ ಆದನು. ಅಲ್ಲಿ ಅವನು ಆಳಲ್ಲ, ಬುದ್ಧಿವಂತನಾದ ಗೆಳೆಯ. ಆದರೆ ಗೆಳೆತನವನ್ನು ತೋರಿಸಿ ಗುಲಾಮರ ವ್ಯಾಪಾರವನ್ನು ಹಿಂದಕ್ಕೆ ಸರಿಸಿದರೆ ಗಾಯವನ್ನು ತೊಳೆಯದೆ ಬಟ್ಟೆ ಕಟ್ಟಿದಂತೆಯೇ ಸರಿ.

ಇದಕ್ಕಿಂತ ಒಳ್ಳೆಯ ದಾರಿಯೊಂದು ನಮ್ಮ ಮಂಚಿಕೇರಿಯಲ್ಲಿಯೇ ಬಿದ್ದಿದೆ. ೧೯೮೦ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಚಿದಂಬರರಾವ್ ಜಂಬೆಯವರು ಅಲ್ಲಿಯ ಸಿದ್ದಿ ಜನರನ್ನು ಕೂಡಿಸಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನು ಆಡಿಸಿದರು. ಅದು ಆಫ್ರಿಕೆಯ ಹಿರಿಯ ಕಾದಂಬರಿಕಾರ ಚಿನುವ ಅಚೀಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕೃತಿಯ ರೂಪಾಂತರವು. ಹೊರಗಿನವರು ಬಂದು ಒಂದು ಊರಿನ ಬಾಳನ್ನು ಹೇಗೆ ಒಡೆದರೆಂಬ ಆಫ್ರಿಕೆಯ ಕಥೆಯನ್ನು, ಆಫ್ರಿಕೆಯಿಂದ ಬಂದವರ ಸಂತತಿಯೇ ಕನ್ನಡದಲ್ಲಿ ನುಡಿದು ಕುಣಿದು ತೋರಿಸಿತು. ರೂಪಾಂತರವೆಂದರೆ ವೇಷ ಬದಲಿಸುವದಷ್ಟೇ ಅಲ್ಲ, ಕಥೆ ಹೇಳುವ ಬಾಯಿಯನ್ನು ಬದಲಿಸುವದೂ ಅಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದದ್ದರಿಂದ ಕನ್ನಡದಲ್ಲಿ ಈ ಕೆಲಸಕ್ಕೆ ಹೊರಡುವವರಿಗೆ ನಾವು ಅರಿಕೆ ಮಾಡಿಕೊಳ್ಳುವದು ಇಷ್ಟೇ. ದ್ವೀಪಕ್ಕಾಗಿ ದೂರ ಹೋಗಬೇಕಾಗಿಲ್ಲ. ಮುರ್ಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿಯಲ್ಲಿ ಹರಕೆಗೆಂದು ಬಿಟ್ಟ ಆಡುಗಳೂ ಇವೆ. ಗಡಿಗೆ, ಹಲಗೆ, ದೋಣಿಗಳ ಕಂತುಗಳನ್ನು ಅವಸರಪಡದೆ ತೋರಿಸಿರಿ. ಆದರೆ ಮೊದಲನೆಯ ಕಂತಿನಲ್ಲಿಯೇ ಆ ಹಡಗು ಏತಕ್ಕೆ ಹೊರಟಿತ್ತೆಂಬುದನ್ನು ಮಕ್ಕಳಿಗೂ ತಿಳಿಯುವಂತೆ ಹೇಳಿರಿ. ಝೂರಿಯನ್ನು ಬಿಟ್ಟುಬಿಡಬೇಡಿರಿ. ದ್ವೀಪದ ತರುಣನಿಗೆ ಅವನದೇ ಭಾಷೆಯನ್ನು ಕೊಡಿರಿ. ಕ್ರೂಸೋನು ಅದನ್ನು ತಡವರಿಸುತ್ತ ಕಲಿಯಲಿ. ಮತ್ತು ಆ ತರುಣನು ತನ್ನ ಹೆಸರನ್ನು ಹೇಳುವ ಒಂದು ಗಳಿಗೆಯು ಇರಲಿ. ಪುಸ್ತಕದಲ್ಲಿ ಅವನ ತಂದೆಯೂ ದ್ವೀಪಕ್ಕೆ ಬರುವನು. ಮಗನು ತಂದೆಯನ್ನು ಕಂಡು ಅಪ್ಪಿ, ಅತ್ತು, ನಗುವ ಆ ಭಾಗವು ಇಡೀ ಕಥೆಯಲ್ಲಿಯೇ ಹೃದಯಂಗಮವಾದದ್ದು. ಅಷ್ಟು ವರ್ಷಗಳ ಪ್ರೀತಿಯುಳ್ಳ ಆ ತಂದೆಯು ಮಗನನ್ನು ಶುಕ್ರವಾರವೆಂದು ಕರೆದಿರಲಾರನಷ್ಟೆ?

ಕಡೆಗೆ ಗೃಹಸ್ಥರಾದ ನಮ್ಮ ಪಾಲಿನ ಮಾತೊಂದುಂಟು. ಯಲ್ಲಾಪುರದ ಎಷ್ಟೋ ಅಡಿಕೆತೋಟಗಳು ಸಿದ್ದಿಗಳ ದುಡಿಮೆಯಿಂದ ಹಸಿರಾಗಿವೆ. ಕೊನೆ ಇಳಿಸುವವನನ್ನೂ, ಅಡಿಕೆ ಸುಲಿಯುವವಳನ್ನೂ ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಅವರ ತಂದೆತಾಯಿಗಳು ಇಟ್ಟ ಹೆಸರಿನಿಂದಲೋ, ನಮ್ಮ ನಾಲಗೆಗೆ ಸುಲಭವಾದದ್ದರಿಂದಲೋ? ಧಾರಾವಾಹಿಯು ಬರುವ ದಿನ ಬರಲಿ. ಆ ವರೆಗೆ ಈ ಮಳೆಗಾಲದಲ್ಲಿ ಕ್ರೂಸೋನ ಕಥೆಯನ್ನು ಮಕ್ಕಳಿಗೆ ಹೇಳುವವರು ಫ್ರೈಡೇ ಬರುವಲ್ಲಿ ತುಸು ನಿಲ್ಲಲಿ. ಅವನಿಗೆ ಬೇರೊಂದು ಹೆಸರಿತ್ತು, ಅದನ್ನು ಯಾರೂ ಕೇಳಲಿಲ್ಲವೆಂದು ಹೇಳಲಿ. ಮರುದಿನ ತೋಟದ ಸಂಕ ದಾಟಿ ಕೆಲಸಕ್ಕೆ ಬಂದವರ ಹೆಸರನ್ನು ಕೇಳುವದಕ್ಕೆ ಆ ಮಕ್ಕಳೇ ನಮಗಿಂತ ಮುಂಚೆ ಓಡಿಯಾರು.