ಮೂಳೆಗೆ ಮಾತ್ರೆ: ಯಾರಿಗೆ, ಎಷ್ಟು ಕಾಲ?

ಮಂಡಿ ನೋವೆಂದು ಹೋದವರಿಗೂ ಸೊಂಟ ಹಿಡಿದುಕೊಂಡಿದೆ ಎಂದು ಹೋದವರಿಗೂ ನಮ್ಮಲ್ಲಿ ಸಿಗುವ ಉತ್ತರ ಒಂದೇ: ‘ಮೂಳೆ ಸವೆದಿದೆ.’ ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಕಲಸಿಹೋಗಿವೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆದುಮೂಳೆ. ಅದು ನೋಯುತ್ತದೆ, ಊದುತ್ತದೆ, ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಒಳಗೊಳಗೇ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಮಾತ್ರ ಮುರಿಯುವ ದಿನದವರೆಗೂ ಸದ್ದು ಮಾಡುವುದಿಲ್ಲ. ಬೆನ್ನಿನ ಮಣಿ ಕುಸಿದರೂ ಮೂವರಲ್ಲಿ ಇಬ್ಬರಿಗೆ ಅದು ಗೊತ್ತೇ ಆಗುವುದಿಲ್ಲ. ಎಷ್ಟೋ ವರ್ಷದಿಂದ ಒಂದೇ ಅಂದಾಜಿನಲ್ಲಿ ಉಡುತ್ತಿದ್ದ ಸೀರೆಯ ಅಂಚು ಈಗೀಗ ನೆಲ ಗುಡಿಸುತ್ತಿದೆ, ಅಡುಗೆಮನೆಯ ಮೇಲಿನ ಗೂಡಿನ ಡಬ್ಬಿ ಕೈಗೆ ಎಟುಕುತ್ತಿಲ್ಲ ಅನ್ನಿಸಿದರೆ ಎಷ್ಟೋ ಸಲ ಅದೇ ಮೊದಲ ಸುಳಿವು. ನೋವಿಲ್ಲದ ಇಂಥ ಕಾಯಿಲೆಗೆ ಔಷಧ ತೆಗೆದುಕೊಳ್ಳಬೇಕೇ ಎಂದು ತೀರ್ಮಾನಿಸುವುದು ಸುಲಭವಲ್ಲ. ಮಾತ್ರೆಯ ಲಾಭ ಕಣ್ಣಿಗೆ ಕಾಣುವಂಥದ್ದಲ್ಲ. ಮುರಿಯದೆ ಉಳಿದ ಮೂಳೆಯನ್ನು ಯಾರೂ ಎಣಿಸುವುದಿಲ್ಲ. ಅಡ್ಡಪರಿಣಾಮ ಆದರೆ ಮಾತ್ರ ಬಂಧುಬಳಗಕ್ಕೆಲ್ಲ ಸುದ್ದಿಯಾಗುತ್ತದೆ.

ಮೂಳೆ ಒಮ್ಮೆ ಕಟ್ಟಿ ನಿಲ್ಲಿಸಿದ ಕಂಬವಲ್ಲ, ಸದಾ ರಿಪೇರಿ ನಡೆಯುತ್ತಿರುವ ಮನೆ. ವರ್ಷಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಹೊಸದಾಗುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯದನ್ನು ಕೆರೆದು ತೆಗೆಯುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹಿಂದಿನಿಂದ ಬಂದು ಗಾರೆ ಮೆತ್ತುವವರಂತೆ ಆ ಗುಳಿಯನ್ನು ತುಂಬುತ್ತವೆ. ಈಸ್ಟ್ರೋಜನ್ ಇರುವವರೆಗೆ ಕೆರೆಯುವವರ ಕೈಗೆ ಕಡಿವಾಣವಿರುತ್ತದೆ. ಮುಟ್ಟು ನಿಂತಾಗ ಆ ಕಡಿವಾಣ ಸಡಿಲಗೊಂಡು, ಮೊದಲ ಐದಾರು ವರ್ಷಗಳಲ್ಲೇ ಕೆಲವರ ಮೂಳೆಯ ಸಾಂದ್ರತೆ ಶೇ. 20ರವರೆಗೂ ಇಳಿಯಬಹುದು. ಪಶ್ಚಿಮದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 51ರ ಆಸುಪಾಸಿನಲ್ಲಿ, ಭಾರತದಲ್ಲಿ 46–47ಕ್ಕೇ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಸಿಕೊಂಡವರ ಮೂಳೆಗೆ ಆಪರೇಷನ್ನಿನ ದಿನವೇ ಋತುಬಂಧದ ಲೆಕ್ಕ ಶುರು. ನಮ್ಮ ಹಳ್ಳಿಗಳಲ್ಲಿ ಇಂಥವರು ಕಡಿಮೆಯೇನಿಲ್ಲ, ಅವರ ಮೂಳೆಯ ಬಗ್ಗೆ ಕೇಳುವವರು ಮಾತ್ರ ಕಡಿಮೆ.

ಈ ಕಾಯಿಲೆಗೆ ಹೆಚ್ಚಾಗಿ ಬರೆದುಕೊಡುವ ಔಷಧಗಳು ಬಿಸ್‌ಫಾಸ್ಫೊನೇಟ್ ಗುಂಪಿನವು. ಬೋರ್‌ವೆಲ್ ನೀರಿನ ಗೀಸರಿನೊಳಗೆ ಬಿಳಿಯ ಸುಣ್ಣದ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಅಂಥ ಪದರ ಕೈಗಾರಿಕೆಯ ಕೊಳವೆಗಳಲ್ಲಿ ಕೂರದಂತೆ ನೀರಿಗೆ ಬೆರೆಸುತ್ತಿದ್ದ ರಾಸಾಯನಿಕಗಳ ವಂಶವಿದು. ಕ್ಯಾಲ್ಸಿಯಂ ಇದ್ದಲ್ಲಿ ಅಂಟಿಕೊಳ್ಳುವುದು ಇವುಗಳ ಸ್ವಭಾವ. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಸಂಗಡಿಗರು ಇವು ಮೂಳೆಗೂ ಅಂಟಿಕೊಂಡು ಕೆರೆತವನ್ನು ತಡೆಯುತ್ತವೆ ಎಂದು ತೋರಿಸಿದರು. ಅಲೆಂಡ್ರೊನೇಟ್ ಈ ಗುಂಪಿನ ವಾರಕ್ಕೊಮ್ಮೆಯ ಮಾತ್ರೆ. ಇದನ್ನು ನುಂಗುವುದೇ ಒಂದು ವ್ರತ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನೊಂದಿಗೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು. ಇಷ್ಟು ಮಾಡಿದರೂ ದೇಹ ಹೀರಿಕೊಳ್ಳುವುದು ಶೇ. 1ಕ್ಕಿಂತ ಕಡಿಮೆ. ಒಂದು ಲೋಟ ಕಾಫಿ ಜೊತೆಗೆ ಸೇರಿತೋ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪೋಲು. ಮಲಗಿಬಿಟ್ಟರೆ ಮಾತ್ರೆ ಅನ್ನನಾಳವನ್ನು ಸುಟ್ಟು ಹುಣ್ಣು ಮಾಡಬಹುದು. ‘ಆ ಮಾತ್ರೆ ನನಗೆ ಆಗಿಬರಲಿಲ್ಲ’ ಎನ್ನುವವರಲ್ಲಿ ಅನೇಕರಿಗೆ ಈ ನಿಯಮಗಳನ್ನು ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

ಇದರ ಫಲ ಎಷ್ಟು? 1996ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದನ್ನು ಹತ್ತಿರದಿಂದ ನೋಡೋಣ. ಆಗಲೇ ಬೆನ್ನಿನ ಮಣಿ ಕುಸಿದಿದ್ದ 2,027 ಮಹಿಳೆಯರಲ್ಲಿ ಕೆಲವರಿಗೆ ಅಲೆಂಡ್ರೊನೇಟ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಹುಸಿಮಾತ್ರೆಯವರಲ್ಲಿ ನೂರಕ್ಕೆ 15 ಮಂದಿಗೆ ಬೆನ್ನುಮೂಳೆಯಲ್ಲಿ ಹೊಸ ಮುರಿತ ಕಂಡಿತು, ಔಷಧ ಪಡೆದವರಲ್ಲಿ 8 ಮಂದಿಗೆ. ಸೊಂಟದ ಮೂಳೆ ಮುರಿದದ್ದು ಕ್ರಮವಾಗಿ ಶೇ. 2.2 ಮತ್ತು 1.1. ಇದನ್ನೇ ‘ಮುರಿತ ಅರ್ಧಕ್ಕರ್ಧ ಇಳಿಯುತ್ತದೆ’ ಎಂದು ಹೇಳಬಹುದು, ‘ಸೊಂಟದ ಮುರಿತ ತಪ್ಪುವುದು ನೂರರಲ್ಲಿ ಒಬ್ಬರಿಗೆ ಮಾತ್ರ’ ಎಂದೂ ಹೇಳಬಹುದು. ಎರಡೂ ನಿಜ. ಔಷಧ ಮಾರುವವರು ಮೊದಲನೆಯದನ್ನು ಹೇಳುತ್ತಾರೆ, ಔಷಧವೆಂದರೆ ಹೆದರುವವರು ಎರಡನೆಯದನ್ನು. ಇಬ್ಬರೂ ಬಿಡುವ ಸಂಗತಿ ಒಂದಿದೆ, ಈ ಲೇಖನದ ವಾದವೆಲ್ಲ ಅದರ ಮೇಲೇ ನಿಂತಿದೆ: ‘ಅರ್ಧ’ ಅನ್ನುವುದು ಯಾವುದರ ಅರ್ಧ? ಮೂಳೆ ಮುರಿಯುವ ಸಂಭವ ನೂರಕ್ಕೆ 15 ಇರುವವಳಿಗೆ ಅರ್ಧ ಇಳಿದರೆ ಏಳೆಂಟು ಮುರಿತ ತಪ್ಪಿತು. ಸಾವಿರಕ್ಕೆ 5 ಇರುವವಳಿಗೆ ಅದೇ ಅರ್ಧ ಇಳಿದರೆ ತಪ್ಪುವುದು ಸಾವಿರಕ್ಕೆ ಎರಡೋ ಮೂರೋ. ಅಡ್ಡಪರಿಣಾಮಗಳು ಮಾತ್ರ ಹೀಗೆ ಅಳೆದು ತೂಗಿ ಬರುವುದಿಲ್ಲ; ಮೂಳೆ ಗಟ್ಟಿಯಿರುವವಳಿಗೂ ಟೊಳ್ಳಾದವಳಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತವೆ. ಆದ್ದರಿಂದ ‘ಈ ಔಷಧ ಒಳ್ಳೆಯದೇ?’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ‘ಈಕೆಗೆ ಒಳ್ಳೆಯದೇ?’ ಎಂಬುದಕ್ಕೆ ಇದೆ.

ಹಾಗಾದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಅಂಕಿ ನೋಡಿದರೆ ಮುಗಿಯಿತಲ್ಲ ಎಂದು ಕೇಳಬಹುದು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಸ್ಕ್ಯಾನಿನ ಅಂಕಿಯಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ಗೆರೆ ಎಳೆಯಿತು. ಆ ಗೆರೆಗೆ ಅರ್ಥವಿದೆ. ಹಿಂದೆ ಬೆನ್ನಿನ ಮಣಿ ಮುರಿಯದ 4,432 ಮಹಿಳೆಯರ ಮೇಲೆ ಇದೇ ಅಲೆಂಡ್ರೊನೇಟ್ ಪ್ರಯೋಗಿಸಿ 1998ರಲ್ಲಿ ವರದಿ ಮಾಡಿದಾಗ, ಗೆರೆಗಿಂತ ಕೆಳಗಿದ್ದವರಲ್ಲಿ ಮುರಿತಗಳು ಶೇ. 36ರಷ್ಟು ಇಳಿದಿದ್ದವು, ಮೇಲಿದ್ದವರಲ್ಲಿ ಗಣನೀಯ ಲಾಭ ಕಾಣಲಿಲ್ಲ. ಆದರೂ ಅಂಕಿಯೇ ಎಲ್ಲವನ್ನೂ ಹೇಳುವುದಿಲ್ಲ. 2018ರಲ್ಲಿ ನ್ಯೂಜಿಲೆಂಡಿನ ತಂಡವೊಂದು 65 ದಾಟಿದ 2,000 ಮಹಿಳೆಯರ ಫಲಿತಾಂಶ ಪ್ರಕಟಿಸಿತು. ಅವರ ಮೂಳೆ ತುಸು ತೆಳುವಾಗಿತ್ತು, ಆಸ್ಟಿಯೋಪೊರೋಸಿಸ್ ಹಂತ ಮುಟ್ಟಿರಲಿಲ್ಲ. ಒಂದೂವರೆ ವರ್ಷಕ್ಕೊಮ್ಮೆ ಬಿಸ್‌ಫಾಸ್ಫೊನೇಟ್ ಗುಂಪಿನದೇ ಆದ ಜೊಲೆಡ್ರೊನೇಟ್ ಡ್ರಿಪ್ ಕೊಟ್ಟಾಗ ಆರು ವರ್ಷಗಳಲ್ಲಿ ಮೂಳೆ ಮುರಿದವರು 122 ಮಂದಿ, ಕೊಡದವರಲ್ಲಿ 190. ವಯಸ್ಸೂ ಒಂದು ಅಪಾಯ, ಸ್ಕ್ಯಾನ್ ಅದನ್ನು ಅಳೆಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಹಿಂದೆ ಆದ ಮುರಿತ, ತಾಯಿ ಅಥವಾ ತಂದೆಗೆ ಸೊಂಟದ ಮೂಳೆ ಮುರಿದಿದ್ದರೆ ಆ ಸಂಗತಿ, ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಇವೆಲ್ಲ ಲೆಕ್ಕಕ್ಕೆ ಬರಬೇಕು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರಕ್ಕಿಟ್ಟು ಎರಡು ನಿಮಿಷದಲ್ಲಿ ಕೊಡುವ ಚೀಟಿ ಡೆಕ್ಸಾ ಅಲ್ಲ. 50ರ ಆರೋಗ್ಯವಂತ ಹೆಂಗಸು ಆ ಚೀಟಿಯೊಂದನ್ನೇ ನಂಬಿ ಮಾತ್ರೆ ಶುರುಮಾಡುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಇನ್ನು ಭಯದ ಮಾತು. ಬಿಸ್‌ಫಾಸ್ಫೊನೇಟ್‌ಗಳನ್ನು ಬಹಳ ವರ್ಷ ತೆಗೆದುಕೊಂಡ ಕೆಲವರಲ್ಲಿ ತೊಡೆಮೂಳೆಯ ನಡುಭಾಗ, ದೊಡ್ಡ ಪೆಟ್ಟೇನೂ ಬೀಳದೆ, ಚಾಕ್‌ಪೀಸ್ ಮುರಿದಂತೆ ಅಡ್ಡಕ್ಕೆ ಮುರಿಯುತ್ತದೆ. ಕೆರೆತವನ್ನು ಅತಿಯಾಗಿ ತಡೆದರೆ ರಿಪೇರಿಯೂ ನಿಂತು ಸಣ್ಣ ಬಿರುಕುಗಳು ಕೂಡಿಕೊಳ್ಳುತ್ತವೆ ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲೊಂದು. ಕ್ಯಾಲಿಫೋರ್ನಿಯಾದಲ್ಲಿ 1,96,129 ಮಹಿಳೆಯರ ದಾಖಲೆ ಪರಿಶೀಲಿಸಿದ ಅಧ್ಯಯನ 2020ರಲ್ಲಿ ಹೊರಬಂತು. ಅಷ್ಟು ಜನರಲ್ಲಿ ಇಂಥ ಮುರಿತ ಕಂಡದ್ದು 277. ಹತ್ತು ಸಾವಿರ ಬಿಳಿಯ ಮಹಿಳೆಯರು ಮೂರು ವರ್ಷ ಔಷಧ ತೆಗೆದುಕೊಂಡರೆ 149 ಸೊಂಟದ ಮುರಿತಗಳು ತಪ್ಪುತ್ತವೆ, 2 ತೊಡೆಮುರಿತಗಳು ಉಂಟಾಗುತ್ತವೆ ಎಂದು ಆ ಲೆಕ್ಕ ಹೇಳಿತು. ಏಷ್ಯಾ ಮೂಲದ ಮಹಿಳೆಯರಲ್ಲಿ ತಪ್ಪುವುದು 91, ಉಂಟಾಗುವುದು 8. ಅದು ಅಮೆರಿಕದಲ್ಲಿ ನೆಲೆಸಿದ ಏಷ್ಯನ್ನರ ಲೆಕ್ಕ, ನಮ್ಮ ಊರಿನದಲ್ಲ. ಆದರೂ ಬಿಳಿಯರ ಅಂಕಿಗಳನ್ನು ನಮಗೆ ಹಾಗೆ ಹಾಗೇ ಅಂಟಿಸಬಾರದು ಎಂಬ ಆಕ್ಷೇಪದಲ್ಲಿ ಹುರುಳಿದೆ ಎನ್ನಲು ಅದು ಸಾಕು. ನಮ್ಮಲ್ಲಿ ತಕ್ಕಡಿ ಲಾಭದ ಕಡೆಗೇ ವಾಲಬಹುದು, ಅಷ್ಟೊಂದು ಭಾರವಾಗಿ ವಾಲದಿರಬಹುದು. ಅದೇ ಅಧ್ಯಯನದ ಇನ್ನೊಂದು ಮಾತು ಇದಕ್ಕಿಂತ ಉಪಯುಕ್ತ: ಅಪಾಯ ಏರುವುದು ವರ್ಷಗಳು ಏರಿದಂತೆ, ಎಂಟು ವರ್ಷ ದಾಟಿದರೆ ಬಹಳ, ಔಷಧ ನಿಲ್ಲಿಸಿದರೆ ಬೇಗ ಇಳಿಯುತ್ತದೆ. ದವಡೆಯ ಮೂಳೆ ಕೊಳೆಯುವ ತೊಂದರೆಯೂ ಉಂಟು, ಆದರೆ ಅದು ಹೆಚ್ಚಾಗಿ ಕ್ಯಾನ್ಸರ್ ರೋಗಿಗಳಿಗೆ ಕೊಡುವ ದೊಡ್ಡ ಪ್ರಮಾಣದಲ್ಲಿ. ಆಸ್ಟಿಯೋಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ವರ್ಷಕ್ಕೆ ಹತ್ತು ಸಾವಿರದಿಂದ ಲಕ್ಷಕ್ಕೆ ಒಬ್ಬರಲ್ಲಿ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿಕೊಂಡು ಆಮೇಲೆ ಔಷಧ ಶುರುಮಾಡುವುದು ಜಾಣತನ.

ಈ ಔಷಧಗಳು ಮೂಳೆಯಲ್ಲೇ ವರ್ಷಗಟ್ಟಲೆ ಉಳಿಯುತ್ತವೆ. ಅದು ಕೇಳಲು ಭಯವಾದರೂ ಅದರಲ್ಲೇ ಒಂದು ಅನುಕೂಲವಿದೆ. ಐದು ವರ್ಷ ಅಲೆಂಡ್ರೊನೇಟ್ ತೆಗೆದುಕೊಂಡವರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಲ್ಲಿಸಿ ಇನ್ನೊಂದಕ್ಕೆ ಹತ್ತು ವರ್ಷದವರೆಗೆ ಮುಂದುವರಿಸಿದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಬೆನ್ನು ಬಿಟ್ಟು ಉಳಿದ ಮೂಳೆಗಳ ಮುರಿತ ಎರಡೂ ಕಡೆ ಹೆಚ್ಚುಕಡಿಮೆ ಸಮ. ನೋವು ಕೊಡುವ ಬೆನ್ನುಮಣಿ ಮುರಿತ ಮಾತ್ರ ನಿಲ್ಲಿಸಿದವರಲ್ಲಿ ಶೇ. 5.3, ಮುಂದುವರಿಸಿದವರಲ್ಲಿ ಶೇ. 2.4. ಹಾಗಾಗಿ ಮಾತ್ರೆಯಾದರೆ ಐದು ವರ್ಷಕ್ಕೆ, ವರ್ಷಕ್ಕೊಮ್ಮೆಯ ಜೊಲೆಡ್ರೊನೇಟ್ ಡ್ರಿಪ್ ಆದರೆ ಮೂರು ವರ್ಷಕ್ಕೆ ಮತ್ತೆ ಲೆಕ್ಕ ಹಾಕಿ, ಅಪಾಯ ಕಡಿಮೆಯಿರುವವರಿಗೆ ಬಿಡುವು ಕೊಡುವುದು ಈಗಿನ ರೂಢಿ. ‘ಒಮ್ಮೆ ಶುರುಮಾಡಿದರೆ ಸಾಯುವವರೆಗೂ ನುಂಗಬೇಕು’ ಎಂಬ ಹೆದರಿಕೆಗೆ ಆಧಾರವಿಲ್ಲ. ಹಾಗೆಯೇ, ಎಂಟು ವರ್ಷದ ಹಿಂದೆ ಬರೆದ ಚೀಟಿ ತೋರಿಸಿ ಅಂಗಡಿಯಲ್ಲಿ ಮಾತ್ರೆ ತರುತ್ತಲೇ ಇರುವುದೂ ಸರಿಯಲ್ಲ.

ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್‌ಗೆ ಈ ಬಿಡುವಿನ ಮಾತು ಅನ್ವಯಿಸುವುದೇ ಇಲ್ಲ, ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. 2009ರ ಪರೀಕ್ಷೆಯಲ್ಲಿ ಅದು ಬೆನ್ನುಮಣಿ ಮುರಿತವನ್ನು ಶೇ. 7.2ರಿಂದ 2.3ಕ್ಕೆ ಇಳಿಸಿತು, ಬಹಳ ಒಳ್ಳೆಯ ಫಲ. ಆದರೆ ಅದು ಮೂಳೆಯಲ್ಲಿ ಉಳಿಯುವುದಿಲ್ಲ. ಮುಂದಿನ ಇಂಜೆಕ್ಷನ್ ತಪ್ಪಿಸಿದರೆ ಗಳಿಸಿದ ಮೂಳೆ ಕೆಲವೇ ತಿಂಗಳಲ್ಲಿ ಕರಗುತ್ತದೆ, ಕೆಲವರಲ್ಲಿ ಬೆನ್ನಿನ ಹಲವು ಮಣಿಗಳು ಒಟ್ಟಿಗೆ ಕುಸಿಯುತ್ತವೆ. ನಿಲ್ಲಿಸಲೇಬೇಕಾದರೆ ಬೇರೆ ಔಷಧದ ಆಸರೆ ಕೊಟ್ಟೇ ನಿಲ್ಲಿಸಬೇಕು. ಪ್ರತಿ ಆರು ತಿಂಗಳಿಗೆ ಹಣವೂ ಪ್ರಯಾಣವೂ ಹೊಂದುವುದು ಖಾತ್ರಿಯಿಲ್ಲದ ಮನೆಯಲ್ಲಿ ಇದನ್ನು ಶುರುಮಾಡುವ ಮೊದಲು ಎರಡು ಸಲ ಯೋಚಿಸಬೇಕು. ಹಾರ್ಮೋನ್ ಚಿಕಿತ್ಸೆಯ ಕಥೆ ಬೇರೆ. 16,608 ಮಹಿಳೆಯರ ಅಮೆರಿಕದ ಪರೀಕ್ಷೆಯನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದಾಗ ಜಗತ್ತೇ ಬೆಚ್ಚಿತ್ತು: ಹತ್ತು ಸಾವಿರ ಮಂದಿಗೆ ವರ್ಷಕ್ಕೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8 ಹೆಚ್ಚು, ಸೊಂಟದ ಮುರಿತ 5 ಕಡಿಮೆ. ಆ ಮಹಿಳೆಯರ ಸರಾಸರಿ ವಯಸ್ಸು 63 ಆಗಿತ್ತು ಎಂಬುದು ಸುದ್ದಿಯಲ್ಲಿ ಮರೆಯಾಯಿತು. ಮುಟ್ಟು ನಿಂತು ಹತ್ತು ವರ್ಷ ದಾಟದ, ಮೈ ಬಿಸಿಯೇರಿ ಬೆವರುವ ತೊಂದರೆಯೂ ಇರುವ ಹೆಂಗಸಿಗೆ ಅದು ಇಂದಿಗೂ ಪರಿಗಣಿಸತಕ್ಕ ದಾರಿ. 70ರವರಿಗೆ ಕೇವಲ ಮೂಳೆಗಾಗಿ ಅಲ್ಲ. ಹೊಸ ಮೂಳೆ ಕಟ್ಟುವ ಟೆರಿಪ್ಯಾರಟೈಡ್‌ನಂಥ ದುಬಾರಿ ಇಂಜೆಕ್ಷನ್‌ಗಳು ಮತ್ತೆ ಮತ್ತೆ ಮುರಿತವಾಗುವವರಿಗೆ.

ರಾಗಿಮುದ್ದೆ, ಹಾಲು, ಬಿಸಿಲು, ನಡಿಗೆ ಇದ್ದರೆ ಸಾಲದೇ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಧಾನ್ಯಗಳಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟ. ಇವೆಲ್ಲ ಇಲ್ಲದೆ ಯಾವ ಔಷಧವೂ ಸರಿಯಾಗಿ ನಡೆಯುವುದಿಲ್ಲ, ವಿಟಮಿನ್ ಡಿ ತೀರಾ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಬೇಕು. ಆದರೆ ಗಾರೆಯ ರಾಶಿ ಮನೆಮುಂದೆ ಬಿದ್ದಿದ್ದರೂ ಕೆರೆಯುವವರ ಕೈ ನಿಲ್ಲುವುದಿಲ್ಲ. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ವಿಶೇಷ ಕೊರತೆಯಿಲ್ಲದ ಸಾಮಾನ್ಯ ಜನಕ್ಕೆ ವಿಟಮಿನ್ ಡಿ ಕೊಟ್ಟರೆ ಮುರಿತ ಇಳಿಯಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಅಪಾಯ ಕಡಿಮೆಯಿರುವವಳಿಗೆ ಒಳ್ಳೆಯ ಊಟ, ಓಡಾಟವೇ ಚಿಕಿತ್ಸೆ. ಈಗಾಗಲೇ ಮಣಿ ಕುಸಿದವಳಿಗೆ ‘ರಾಗಿ ತಿನ್ನಮ್ಮಾ’ ಎಂದು ಹೇಳಿ ಕಳಿಸಿದರೆ ಚಿಕಿತ್ಸೆ ಕೊಡದೆ ಕಳಿಸಿದಂತೆ.

‘ವಯಸ್ಸಾದ ಮೇಲೆ ಮೂಳೆ ಮುರಿಯುವುದು ಸಹಜ’ ಎಂಬ ಮಾತಿಗೆ ನನ್ನ ತಕರಾರು ದೊಡ್ಡದು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಷ್ಟು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಉಳಿದವರಲ್ಲಿ ಅನೇಕರು ಮತ್ತೆ ಒಬ್ಬರೇ ಬಚ್ಚಲಿಗೆ ಹೋಗಲಾರರು. ಬೆನ್ನಿನ ಮಣಿ ಮುರಿದವರಲ್ಲೂ ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಮುರಿಯುತ್ತದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದವರಿಗೆ ಜೊಲೆಡ್ರೊನೇಟ್ ಕೊಟ್ಟ 2007ರ ಪರೀಕ್ಷೆಯಲ್ಲಿ ಹೊಸ ಮುರಿತ ಶೇ. 13.9ರಿಂದ 8.6ಕ್ಕೆ ಇಳಿಯಿತು, ಸಾವು ಕೂಡ ಶೇ. 13.3ರಿಂದ 9.6ಕ್ಕೆ. ಅತಿ ಹೆಚ್ಚು ಲಾಭ ಪಡೆಯಬಲ್ಲವರು ಇವರೇ. ನಮ್ಮಲ್ಲಿ ರಾಡ್ ಹಾಕಿ, ಹೊಲಿಗೆ ಬಿಚ್ಚಿ, ಮೂಳೆಯೇಕೆ ಅಷ್ಟು ಸುಲಭವಾಗಿ ಮುರಿಯಿತು ಎಂದು ಕೇಳದೆ ಮನೆಗೆ ಕಳಿಸುವುದೂ ಹೆಚ್ಚಾಗಿ ಇವರನ್ನೇ. ಅಮೆರಿಕದಲ್ಲಿ ತೊಡೆಮುರಿತದ ಸುದ್ದಿ ಹಬ್ಬಿದ 2008–2012ರ ನಡುವೆ ಬಿಸ್‌ಫಾಸ್ಫೊನೇಟ್ ಮಾತ್ರೆಗಳ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ವರ್ಷವರ್ಷವೂ ಇಳಿಯುತ್ತ ಬಂದಿದ್ದ ಸೊಂಟದ ಮುರಿತದ ಪ್ರಮಾಣ 2012ರ ನಂತರ ಇಳಿಯುವುದನ್ನು ನಿಲ್ಲಿಸಿತು. ಒಂದರಿಂದಲೇ ಇನ್ನೊಂದು ಆಯಿತು ಎಂದು ಸಾಬೀತಾಗಿಲ್ಲ, ಅನುಮಾನಕ್ಕೆ ಮಾತ್ರ ಬಲವಾದ ಕಾರಣವಿದೆ.

ಮನೆಯಲ್ಲಿ 50 ದಾಟಿದ ಅಮ್ಮನೋ ಅತ್ತೆಯೋ ನಿಂತಲ್ಲೇ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರೆ, ಪ್ಲಾಸ್ಟರ್ ಬಿಚ್ಚಿಸಲು ಕರೆದುಕೊಂಡು ಹೋದ ದಿನ ಡಾಕ್ಟರನ್ನು ಕೇಳಿ: ಇವರಿಗೆ ಡೆಕ್ಸಾ ಮಾಡಿಸಬೇಕೇ, ಮುಂದಿನ ಹತ್ತು ವರ್ಷದಲ್ಲಿ ಇವರ ಮೂಳೆ ಮತ್ತೆ ಮುರಿಯುವ ಸಂಭವ ನೂರಕ್ಕೆ ಎಷ್ಟು, ಔಷಧ ಕೊಟ್ಟರೆ ಎಷ್ಟಕ್ಕೆ ಇಳಿಯುತ್ತದೆ, ಎಂದು ನಿಲ್ಲಿಸುತ್ತೀರಿ?