ಖೋಟಾ ನೋಟು ಮತ್ತು ನೇಣುಗಂಬ

ಕಳೆದ ಭಾನುವಾರ ಇಲ್ಲಿನ ಸೆರಂಗೂನ್ ರಸ್ತೆಯಲ್ಲಿ ತರಕಾರಿ ಕೊಂಡು ಐವತ್ತು ಡಾಲರಿನ ನೋಟು ಕೊಟ್ಟೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿಯೇ ಗಲ್ಲಾಪೆಟ್ಟಿಗೆಗೆ ಹಾಕಿದರು. ಸ್ವಲ್ಪ ಮುಜುಗರವಾಯಿತು. ಅದು ಖೋಟಾ ಆಗಿದ್ದರೆ ನಾನು ಅಪರಾಧಿಯೆ? ಒಂದು ಕಾಲದ ಇಂಗ್ಲೆಂಡಿನಲ್ಲಿ ಇದು ಪ್ರಾಣದ ಪ್ರಶ್ನೆಯಾಗಿತ್ತು.

1797ರಲ್ಲಿ, ಫ್ರಾನ್ಸಿನೊಡನೆ ಯುದ್ಧ ನಡೆದಿದ್ದಾಗ, ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ ಒಂದು, ಎರಡು ಪೌಂಡಿನ ನೋಟುಗಳನ್ನು ಹೊರತಂದಿತು. ಅದುವರೆಗೆ ಸಿರಿವಂತರ ಸೊತ್ತಾಗಿದ್ದ ನೋಟು ಓದು ಬಾರದ ಕೂಲಿಯವರ ಕೈಗೂ ಬಂತು. ಮುದ್ರಣ ಸರಳ, ನಕಲು ಸುಲಭ. ಮಾಡಿದವರಿಗೂ, ಗೊತ್ತಿದ್ದು ಚಲಾಯಿಸಿದವರಿಗೂ ಗಲ್ಲು! 1821ರ ವರೆಗೆ 300ಕ್ಕೂ ಹೆಚ್ಚು ಜನ ನೇಣಿಗೇರಿದರು.

ಮೊಕದ್ದಮೆ ಹೂಡುತ್ತಿದ್ದುದು ಸ್ವತಃ ಬ್ಯಾಂಕು. 1801ರ ಕಾನೂನಿನಂತೆ, ಗೊತ್ತಿದ್ದು ಖೋಟಾ ನೋಟು ಇಟ್ಟುಕೊಂಡವರಿಗೆ 14 ವರ್ಷ ಗಡೀಪಾರು. ಬ್ಯಾಂಕಿನ ವಕೀಲರು ಎರಡೂ ಆರೋಪ ಹೊರಿಸಿ, ಚಿಕ್ಕದನ್ನು ಒಪ್ಪಿಕೊಂಡರೆ ಗಲ್ಲಿನ ಆರೋಪ ಬಿಡುತ್ತಿದ್ದರು. ತಪ್ಪು ಮಾಡದವನಿಗೂ ಹಗ್ಗಕ್ಕಿಂತ ಆಸ್ಟ್ರೇಲಿಯದ ಹಡಗೇ ವಾಸಿ ಎನಿಸಿದ್ದರೆ ಆಶ್ಚರ್ಯವೇನು?

ನೋಟು ಖೋಟಾ ಎಂದು ಸಾಕ್ಷಿ ಹೇಳುತ್ತಿದ್ದವರು ಬ್ಯಾಂಕಿನ ತಪಾಸಕರೇ. ಹೇಗೆ ಗುರುತಿಸಿದಿರಿ ಎಂದರೆ, ಅದು ಗುಟ್ಟು! 1818ರಲ್ಲಿ ಲಂಡನ್ನಿನ ಜ್ಯೂರಿಗಳು ಇದನ್ನೊಪ್ಪದೆ ಕೆಲವರನ್ನು ಬಿಡುಗಡೆ ಮಾಡಿದರು. ಮರುವರ್ಷ ಚಿತ್ರಕಾರ ಜಾರ್ಜ್ ಕ್ರುಕ್‌ಶ್ಯಾಂಕ್ ನೇಣಿಗೆ ತೂಗುವ ಹೆಣಗಳ ಅಣಕು ನೋಟು ಬರೆದ. 1837ರ ಹೊತ್ತಿಗೆ ಈ ಅಪರಾಧಕ್ಕೆ ಗಲ್ಲು ಪೂರ್ತಿ ರದ್ದಾಯಿತು. ಸಾಫ್ಟ್‌ವೇರಿನವನಾದ ನನಗೆ ಅನಿಸುವುದು ಇಷ್ಟು: ಪ್ರೋಗ್ರಾಮಿನ ಲೋಪಕ್ಕೆ ಅದನ್ನು ಬಳಸಿದವನನ್ನು ದಂಡಿಸಿದಂತಾಗಿತ್ತು ಅದು.

ಈಗ ನಮ್ಮ ವಿಷಯ. 1860ರ ಭಾರತೀಯ ದಂಡ ಸಂಹಿತೆಯ ಮಾದರಿಯಲ್ಲೇ ಸಿಂಗಪುರದ ದಂಡ ಸಂಹಿತೆ 1872ರಲ್ಲಿ ಜಾರಿಗೆ ಬಂತು. ಖೋಟಾ ನೋಟಿನ ಕಲಮುಗಳಿಗೆ ಎರಡೂ ಕಡೆ 489 ಎಂಬ ಒಂದೇ ಸಂಖ್ಯೆ ಇತ್ತು. ಭಾರತದಲ್ಲಿ 2024ರ ಜುಲೈನಿಂದ ಸಂಖ್ಯೆ ಬದಲಾಗಿದೆ. ಇಲ್ಲಿ ಹಳೆಯದೇ ಇದೆ. ಸಂಖ್ಯೆ ಯಾವುದಿದ್ದರೂ, ಚಲಾಯಿಸಿದವನಿಗೆ ಅದು ಖೋಟಾ ಎಂದು ಗೊತ್ತಿತ್ತೆ ಎಂಬುದೇ ಮುಖ್ಯ. ಒಂದು ಕಿಲೋ ಮಾವಿನಹಣ್ಣಿಗೆ ನೂರು ರೂಪಾಯಿಯ ಖೋಟಾ ನೋಟು ಕೊಟ್ಟನೆಂದು ಶಿಕ್ಷೆಗೊಳಗಾಗಿದ್ದ ಛತ್ತೀಸಗಡದ ವಿದ್ಯಾರ್ಥಿಯೊಬ್ಬನನ್ನು 2001ರಲ್ಲಿ ಭಾರತದ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿದ್ದು ಇದೇ ಕಾರಣಕ್ಕೆ.

ಮೊನ್ನೆಯ ಆ ನೋಟಿನೊಳಗೆ ಸಿಂಗಪುರದ ಮೊದಲ ಅಧ್ಯಕ್ಷ ಯೂಸುಫ್ ಇಸಾಕರ ನೀರಗುರುತಿತ್ತು. ಅದನ್ನು ಅಂಗಡಿಯವರೂ ನೋಡಬಹುದು, ನಾನೂ ನೋಡಬಹುದು. ಅಂದಿನ ಲಂಡನ್ನಿನ ಬಡವರಿಗೆ ಇಷ್ಟಾದರೂ ಸಿಕ್ಕಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ! ಈಗ ಮುಜುಗರವಿಲ್ಲ, ಚಿಲ್ಲರೆ ನೋಟುಗಳನ್ನು ನಾನೂ ಬೆಳಕಿಗೆ ಹಿಡಿದೇ ಜೇಬಿಗಿಳಿಸುತ್ತೇನೆ.